ಕೆರೆ ಸೈಟಿಗೆ ಜನ ಬರುತ್ತಿಲ್ಲ. ಡೊಮೇನ್ ರಿನ್ಯೂ ಮಾಡಲಾ, ಬಿಡಲಾ?

ತೂಬುಕಲ್ಲು (ಕೋಲಾರ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

2011ರಿಂದ ಒಂದು ಸಣ್ಣ ವೆಬ್‌ಸೈಟ್ ನಡೆಸುತ್ತಿದ್ದೇನೆ. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಕೆರೆಗಳ ಬಗ್ಗೆ. ಭಾನುವಾರ ಬೈಕ್ ಹತ್ತಿ ಯಾವುದೋ ಊರಿಗೆ ಹೋಗುತ್ತೇನೆ. ಏರಿ ಮೇಲೆ ನಡೆಯುತ್ತೇನೆ. ತೂಬು (ಗದ್ದೆಗೆ ನೀರು ಬಿಡುವ ಕಿಂಡಿ) ಎಲ್ಲಿದೆ, ಕೋಡಿ (ತುಂಬಿ ಹೆಚ್ಚಾದ ನೀರು ಹೊರಗೆ ಹರಿಯುವ ಜಾಗ) ಯಾವ ಕಡೆ, ನೀರು ಮೊದಲು ಎಲ್ಲಿಂದ ಬರುತ್ತಿತ್ತು ಅಂತ ಹಿರಿಯರನ್ನು ಕೇಳುತ್ತೇನೆ. ನಾಲ್ಕು ಫೋಟೋ ತೆಗೆದು, ಮನೆಗೆ ಬಂದು ಬರೆಯುತ್ತೇನೆ. ಜಾಹೀರಾತು ಇಲ್ಲ, ಒಂದು ರೂಪಾಯಿ ಸಂಪಾದನೆ ಇಲ್ಲ. ಇವತ್ತಿಗೆ 212 ಕೆರೆ ಆಗಿವೆ.

ಮೊದಲ ಐದಾರು ವರ್ಷ ಒಳ್ಳೆಯ ಕಾಲ. ಬರೆದದ್ದನ್ನು ಸೋಷಿಯಲ್ ಮೀಡಿಯಾ ಪೇಜಿನಲ್ಲಿ ಹಾಕಿದರೆ ಸಂಜೆಯೊಳಗೆ ಸಾವಿರ ಜನ ಓದುತ್ತಿದ್ದರು. "ಇದು ನಮ್ಮ ಅಜ್ಜಿ ಊರು", "ತೂಬು ತಪ್ಪು ಹೇಳಿದ್ದೀರಿ, ಅದು ಪಡುವಣ ದಿಕ್ಕಿಗೆ" ಅಂತ ಜಗಳವೂ ಆಗುತ್ತಿತ್ತು. ಈಗ ಪೇಜಿಗೆ ಆರು ಸಾವಿರ ಜನ ಇದ್ದಾರೆ, ಲಿಂಕ್ ಹಾಕಿದರೆ ನಲವತ್ತು ಜನಕ್ಕೂ ತಲುಪುವುದಿಲ್ಲ. ಸೈಟಿಗೆ ದಿನಕ್ಕೆ 25-30 ಜನ ಬಂದರೆ ಹೆಚ್ಚು.

ಹೋದ ವಾರದ ಕಥೆ ಕೇಳಿ. ನನ್ನ ಭಾವಮೈದ ಮನೆಯ ವಾಟ್ಸಾಪ್ ಗ್ರೂಪಿಗೆ ಒಂದು ರೀಲ್ ಕಳಿಸಿದ. "ನೋಡಿ ಭಾವ, ನಿಮಗೆ ಇಷ್ಟ ಆಗುತ್ತೆ" ಅಂತ. ಬೇತಮಂಗಲದ ಕೆರೆ, ಹಿಂದೆ ಕೊಳಲಿನ ಸಂಗೀತ, ಮೇಲೆ ದಪ್ಪ ಅಕ್ಷರ. ಫೋಟೋ ನನ್ನದು! ಮೂಲೆಯಲ್ಲಿ ನನ್ನ ಬೈಕಿನ ಹ್ಯಾಂಡಲ್ ಬೇರೆ ಕಾಣುತ್ತಿದೆ. ನನ್ನ ಹೆಸರೂ ಇಲ್ಲ, ಸೈಟಿನ ಹೆಸರೂ ಇಲ್ಲ. ಮೂರು ಲಕ್ಷ ಜನ ನೋಡಿದ್ದಾರೆ.

ಈ ತಿಂಗಳು 18ಕ್ಕೆ ಡೊಮೇನು, ಹೋಸ್ಟಿಂಗು ಸೇರಿ 6,200 ರೂಪಾಯಿ ಕಟ್ಟಬೇಕು. ಮನೆಯವಳು "ಯಾರಿಗೋಸ್ಕರ?" ಅಂತ ಕೇಳಿದಳು. ಕೋಪದಿಂದ ಕೇಳಿದ್ದಲ್ಲ, ಸುಮ್ನೆ ಕೇಳಿದ್ದು. ಏನು ಹೇಳಬೇಕೋ ತೋಚಲಿಲ್ಲ. ನೀವು ಹೇಳಿ.

ಮಾಲೂರು ಹುಡುಗ

ಸಾರ್, ರೀಲ್ಸ್ ಶುರು ಮಾಡಿ. ಅವನಿಗೆ ಮೂರು ಲಕ್ಷ ಬಂದರೆ ನಿಮಗೆ ಯಾಕೆ ಬರಲ್ಲ? ಫೋಟೋ ನಿಮ್ಮದೇ ಅಲ್ವಾ.

ಕಡಲೆಪುರಿ

ಬೈಕಿನ ಹ್ಯಾಂಡಲ್ಲಿಗೆ ಸೈಟಿನ ಹೆಸರು ಬರೆಸಿ. ಮುಂದಿನ ಸಲ ಕದ್ದರೂ ಪ್ರಚಾರ ಆಗುತ್ತೆ.

ತಟ್ಟೆಇಡ್ಲಿ (ತುಮಕೂರು)

ಏನಾದರೂ ಮಾಡಿ ಅಣ್ಣ, ಡೊಮೇನ್ ಮಾತ್ರ ಬಿಡಬೇಡಿ. ಬಿಟ್ಟು ಕೆಟ್ಟವನು ನಾನು.

ನನ್ನದು ಕೋಟೆಗಳ ಸೈಟ್ ಇತ್ತು. ಮಧುಗಿರಿ, ಪಾವಗಡ, ಹುತ್ರಿದುರ್ಗ, ದೇವರಾಯನದುರ್ಗ, ಹೀಗೆ. ಮೊದಲು ಆರ್ಕುಟ್ ಕಮ್ಯುನಿಟಿಯಿಂದ ಜನ ಬರುತ್ತಿದ್ದರು. 2014ರ ಸೆಪ್ಟೆಂಬರ್ 30ಕ್ಕೆ ಅದು ಮುಚ್ಚಿತು. ಅದಕ್ಕೂ ಮೊದಲು, 2013ರ ಜುಲೈ 1ಕ್ಕೆ ಗೂಗಲ್ ರೀಡರ್ (ಬೇರೆ ಬೇರೆ ಸೈಟಿನ ಹೊಸ ಬರಹ ಒಂದೇ ಕಡೆ ತೋರಿಸುತ್ತಿದ್ದದ್ದು) ಹೋಗಿತ್ತು, ನಿಯತ್ತಾಗಿ ಓದುತ್ತಿದ್ದವರೆಲ್ಲ ಅದರ ಜೊತೆಗೇ ಹೋದರು. ಗೂಗಲ್ ಪ್ಲಸ್‌ಗೆ ಹೋದೆ, 2019ರಲ್ಲಿ ಅದೂ ಬಾಗಿಲು ಹಾಕಿತು. ಅಷ್ಟರಲ್ಲಿ 2018ರ ಜನವರಿಯಲ್ಲಿ ಫೇಸ್‌ಬುಕ್‌ನವರು ಇನ್ನು ಮುಂದೆ ಪೇಜುಗಳಿಗಿಂತ ಸ್ನೇಹಿತರು, ಮನೆಯವರ ಪೋಸ್ಟುಗಳನ್ನೇ ಮುಂದೆ ತೋರಿಸುತ್ತೇವೆ ಅಂತ ಪ್ರಕಟಿಸಿದರು. ಕೋಟೆ ಯಾರ ಸ್ನೇಹಿತ, ಯಾರ ನೆಂಟ? ಟಿಕ್‌ಟಾಕ್‌ನಲ್ಲಿ ಅಕೌಂಟ್ ಮಾಡಿಕೊಟ್ಟ ನಮ್ಮ ಹುಡುಗ, 2020ರ ಜೂನ್ 29ಕ್ಕೆ ಅದನ್ನೂ ನಿಷೇಧಿಸಿದರು. ಪ್ರತಿ ಸಲವೂ ಹೊಸ ಊರಿನಲ್ಲಿ ಗುಡಿಸಲು ಹಾಕಿದ ಹಾಗೆ ಆಯ್ತು ನನ್ನ ಬಾಳು.

ಬೇಜಾರಾಗಿ ಒಂದು ವರ್ಷ ಡೊಮೇನ್ ಕಟ್ಟಲಿಲ್ಲ. ಯಾರೋ ತಗೊಂಡರು. ಈಗ ಆ ಹೆಸರು ಹೊಡೆದರೆ ರಮ್ಮಿ ಆಟ ತೆರೆದುಕೊಳ್ಳುತ್ತೆ. ನಮ್ಮ ಬೀಗರಿಗೆ ಕೊಟ್ಟಿದ್ದ ವಿಸಿಟಿಂಗ್ ಕಾರ್ಡಿನ ಮೇಲೆ ಅದೇ ವಿಳಾಸ ಇತ್ತು. ಮದುವೆ ಮನೆಯಲ್ಲಿ ಕೇಳಿಯೇಬಿಟ್ಟರು, "ಏನ್ರೀ, ಇಸ್ಪೀಟಿನ ವ್ಯಾಪಾರ ಶುರು ಮಾಡಿದಿರಂತೆ" ಅಂತ.

ಕಡಲೆಪುರಿ

😂😂 ಬೀಗರು ಎಷ್ಟು ಕಳೆದರು ಕೇಳಿದ್ರಾ?

ರೇಷ್ಮೆಗೂಡು (ಶಿಡ್ಲಘಟ್ಟ)

ಎಲ್ಲರೂ ಸೋಷಿಯಲ್ ಮೀಡಿಯಾನೇ ಬೈತಿದ್ದೀರಿ. ನಾನು ಈಗ ಸೈಟ್ ತೆರೆದು ನೋಡಿ ಬಂದೆ. ತೂಬುಕಲ್ಲು ಸಾರ್, ಅರ್ಧ ತಪ್ಪು ನಿಮ್ಮದೂ ಇದೆ, ಹೇಳಲಾ?

ನಿಮ್ಮ ಮೊದಲ ನಲವತ್ತೈವತ್ತು ಪುಟ ಹಳೇ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದವು, ಯೂನಿಕೋಡ್ ಅಲ್ಲ. ಆ ಫಾಂಟ್ ಇದ್ದವರಿಗೆ ಮಾತ್ರ ಕನ್ನಡ, ಉಳಿದವರಿಗೆ ಇಂಗ್ಲಿಷ್ ಅಕ್ಷರ ಚೆಲ್ಲಾಪಿಲ್ಲಿ. ಗೂಗಲ್ ಕಣ್ಣಿಗೂ ಅಷ್ಟೇ, ಅದು ಕನ್ನಡವೇ ಅಲ್ಲ. ಇನ್ನು ಕೆಲವು ಪುಟಗಳಲ್ಲಿ ಬರಹವನ್ನೇ ಚಿತ್ರ ಮಾಡಿ ಹಾಕಿದ್ದೀರಿ. ಅದನ್ನು ಯಾರು ಹುಡುಕುತ್ತಾರೆ?

ಎರಡನೇದು ಊರಿನ ಹೆಸರು. 2014ರ ನವೆಂಬರ್ 1ಕ್ಕೆ ಇಂಗ್ಲಿಷಿನಲ್ಲೂ ತುಮಕೂರು ಅಂತಲೇ ಬರೀಬೇಕು ಅಂತ ಆಯ್ತು, ಆದರೆ ಜನ ಇವತ್ತಿಗೂ ಹುಡುಕುವುದು 'ಟುಮ್ಕುರ್' ಅಂತಲೇ. ಚಿಕ್ಕಬಳ್ಳಾಪುರಕ್ಕಂತೂ ಇಂಗ್ಲಿಷಿನಲ್ಲಿ ಎಷ್ಟು ಸ್ಪೆಲಿಂಗ್ ಇದೆಯೋ ಆ ದೇವರಿಗೇ ಗೊತ್ತು. ಜೊತೆಗೆ 2007ಕ್ಕೆ ಮೊದಲು ನಾವೆಲ್ಲ ಕೋಲಾರ ಜಿಲ್ಲೆ. ಶಿಡ್ಲಘಟ್ಟದ ಕೆರೆಯನ್ನು ಹಳಬರು ಕೋಲಾರ ಜಿಲ್ಲೆ ಅಂತಲೇ ಹುಡುಕುತ್ತಾರೆ. ಪ್ರತಿ ಪುಟದಲ್ಲೂ ಹಳೇ ಹೆಸರು, ಹೊಸ ಹೆಸರು, ತಾಲೂಕು, ಹೋಬಳಿ ಎಲ್ಲ ಒಂದು ಸಾಲಿನಲ್ಲಿ ಬರೆಯಿರಿ. ದುಡ್ಡಿಲ್ಲದ ಕೆಲಸ.

ತೂಬುಕಲ್ಲು (ಕೋಲಾರ)

ನಾಚಿಕೆ ಆಯ್ತು. ಆ ನುಡಿ ಪುಟಗಳು ಇನ್ನೂ ಹಾಗೇ ಇವೆ ಅಂತ ನನಗೇ ಮರೆತಿತ್ತು. ನನ್ನ ಕಂಪ್ಯೂಟರಿನಲ್ಲಿ ಫಾಂಟ್ ಇದೆಯಲ್ಲ, ಚೆನ್ನಾಗೇ ಕಾಣುತ್ತಿತ್ತು.

ಮಾಲೂರು ಹುಡುಗ, ಎರಡು ರೀಲ್ ಮಾಡಿದೆ ಕಣಪ್ಪ. ಮೊದಲ ಮೂರು ಸೆಕೆಂಡಿನಲ್ಲಿ ಹಿಡಿದು ನಿಲ್ಲಿಸಬೇಕಂತೆ. ಕೆರೆ ಏರಿ ಮೇಲೆ ಮೂರು ಸೆಕೆಂಡಿನಲ್ಲಿ ಏನು ಆಗುತ್ತೆ? ಒಂದು ಎಮ್ಮೆ ತಲೆ ಎತ್ತಿತು, ಅಷ್ಟೇ. ಇನ್ಸ್ಟಾಗ್ರಾಂ ಪೋಸ್ಟಿನ ಬರಹದೊಳಗೆ ಲಿಂಕ್ ಹಾಕಿದರೂ ಒತ್ತಲು ಆಗುವುದಿಲ್ಲ. ನೋಡಿದವರು ಅಲ್ಲೇ ನೋಡಿ ಅಲ್ಲೇ ಮುಂದೆ ಹೋಗುತ್ತಾರೆ, ಸೈಟಿಗೆ ಒಬ್ಬರೂ ಬರಲಿಲ್ಲ.

ಮಾಲೂರು ಹುಡುಗ

ಎಮ್ಮೆ ರೀಲ್ ಕಳಿಸಿ, ನಾನು ನೋಡ್ತೀನಿ

ಪಾವಗಡ ಬಿಸಿಲು

ನಾನು ಕಹಿ ಮಾತು ಹೇಳುತ್ತೇನೆ. ಹುಡುಕಿದವರು ಬರುತ್ತಾರೆ ಅನ್ನೋ ಕಾಲವೂ ಮುಗಿಯಿತು. 2024ರ ಆಗಸ್ಟ್‌ನಿಂದ ನಮ್ಮ ದೇಶದಲ್ಲೂ ಗೂಗಲ್ ಹುಡುಕಾಟದ ತಲೆಯ ಮೇಲೆ ಎಐ ಉತ್ತರ ಬರುತ್ತಿದೆ. ಪ್ರಶ್ನೆ ಕೇಳಿದವನಿಗೆ ಅಲ್ಲೇ ಉತ್ತರ ಸಿಕ್ಕರೆ ನಿಮ್ಮ ಮನೆವರೆಗೆ ಯಾಕೆ ಬರ್ತಾನೆ?

ಮೊನ್ನೆ ಒಂದು ಎಐ ಆಪ್‌ನಲ್ಲಿ ನಮ್ಮೂರ ಕಡೆ ಕೆರೆ ಬಗ್ಗೆ ಕೇಳಿದೆ. ಅದೇ ಹೆಸರಿನ ಬೇರೆ ತಾಲೂಕಿನ ಊರಿನ ಕಥೆಯನ್ನು ನಮ್ಮ ಕೆರೆಗೆ ಅಂಟಿಸಿ, ಬಹಳ ವಿನಯದಿಂದ ಉತ್ತರ ಕೊಟ್ಟಿತು. ಹೊಸಹಳ್ಳಿ, ಗೊಲ್ಲಹಳ್ಳಿ ಅಂತ ಎಷ್ಟು ಊರಿವೆ ನಮ್ಮ ಕಡೆ! 6,200ಕ್ಕೆ ಎರಡು ಒಳ್ಳೆ ಟೈರ್ ಬರುತ್ತೆ, ಬೈಕಿಗೆ ಹಾಕಿಸಿಕೊಂಡು ಸುಮ್ನೆ ತಿರುಗಾಡಿ.

ರೇಷ್ಮೆಗೂಡು (ಶಿಡ್ಲಘಟ್ಟ)

ಅದಕ್ಕೇ ಅಲ್ವಾ ಈ ಸೈಟ್ ಇರಬೇಕು? ಯಾವ ಹೊಸಹಳ್ಳಿ ಅಂತ ಹೋಬಳಿ ಸಮೇತ ಬರೆದಿರುವವರು ಇವರೊಬ್ಬರೇ.

ಪಾವಗಡ ಬಿಸಿಲು

ಬರೆದದ್ದನ್ನು ಅದೇ ಎಐ ಬಂದು ಓದಿಕೊಂಡು ಹೋಗುತ್ತೆ. ಬಿಟ್ಟಿ ದುಡಿಮೆ.

ಕೋಡಿ ಹರೀತು (ಚಿಂತಾಮಣಿ)

ಬೇಡದಿದ್ದರೆ ತಡೆಯಬಹುದು. ಸೈಟಿನಲ್ಲಿ ರೋಬೋಟ್ಸ್ ಫೈಲ್ ಅಂತ ಒಂದು ಇರುತ್ತೆ, ಅದರಲ್ಲಿ ಯಾವ ಬಾಟ್ ಬರಬಾರದು ಅಂತ ಬರೆದರೆ ಆಯ್ತು. ಓಪನ್‌ಎಐನವರು 2023ರಲ್ಲೇ ತಮ್ಮ ಜಿಪಿಟಿಬಾಟ್ ತಡೆಯುವುದು ಹೇಗೆ ಅಂತ ಹೇಳಿದ್ದಾರೆ. ಆದರೆ ಅದು ಬೇಲಿ ಅಲ್ಲ, ಬೋರ್ಡು. ಮರ್ಯಾದೆ ಇರೋರು ಓದಿ ವಾಪಸ್ ಹೋಗ್ತಾರೆ, ಇಲ್ಲದವರು ಒಳಗೆ ನುಗ್ತಾರೆ.

ನನ್ನನ್ನು ಕೇಳಿದರೆ ತಡೆಯಬೇಡಿ. ತಪ್ಪು ಕಥೆ ಓಡಾಡುವುದಕ್ಕಿಂತ ಸರಿ ಕಥೆ ಕದ್ದು ಹೋಗಲಿ.

ಕೆಜಿಎಫ್ ಶಿಫ್ಟು

ಬೇತಮಂಗಲ ಅಂದಿರಲ್ಲ, ಆ ಕೆರೆ ನೀರು ಕುಡಿದು ಬೆಳೆದವರು ನಾವು. ಗಣಿ ಕಾಲೋನಿಗೆಲ್ಲ ಅಲ್ಲಿಂದಲೇ ಪೈಪು. 2001ರಲ್ಲಿ ಗಣಿ ಮುಚ್ಚಿದ ಮೇಲೆ ನಾವು ಚೆನ್ನೈ, ಬೆಂಗಳೂರು ಅಂತ ಚೆದುರಿ ಹೋದೆವು. ನಿಮ್ಮ ಸೈಟಿನಲ್ಲಿ ಆ ಏರಿ ಫೋಟೋ ನೋಡಿ ನಮ್ಮಪ್ಪ ಅರ್ಧ ಗಂಟೆ ಮಾತಾಡಿದರು. ಕಾಮೆಂಟ್ ಹಾಕಲಿಲ್ಲ, ಲೈಕೂ ಒತ್ತಲಿಲ್ಲ. ನಿಮ್ಮ ಲೆಕ್ಕದಲ್ಲಿ ಅದು ಒಂದು 'ವ್ಯೂ' ಅಷ್ಟೇ.

ಸಂತೆಬೀದಿ

ಕೆರೆ ಅಂದರೆ ಗುಡಿಬಂಡೆ. ಬೆಟ್ಟ ಹತ್ತಿ ನೋಡಿದರೆ ಅಮಾನಿ ಭೈರಸಾಗರ ಥೇಟ್ ಭಾರತದ ನಕ್ಷೆ. ರೀಲ್ಸ್ ನೋಡಿ ಹೋಗಿದ್ವಿ. ಸೂಪರ್.

ರೇಷ್ಮೆಗೂಡು (ಶಿಡ್ಲಘಟ್ಟ)

ನೀರು ತುಂಬಿದಾಗ ನಕ್ಷೆ. ಬೇಸಿಗೆಯಲ್ಲಿ ಹೋದರೆ ಗುಜರಾತ್ ಒಣಗಿರುತ್ತೆ.

ಸಂತೆಬೀದಿ

ನಾವು ಹೋದಾಗ ಶ್ರೀಲಂಕಾನೂ ಕಾಣ್ತು ಗುರು

ಪಾವಗಡ ಬಿಸಿಲು

ರೀಲ್ಸ್ ನೋಡಿ ಹೋದವರು ಚಿಪ್ಸ್ ಕವರು, ಬಾಟ್ಲಿ ಅಲ್ಲೇ ಬಿಟ್ಟು ಬರ್ತಾರೆ. ತೂಬುಕಲ್ಲು ಸಾರ್, ಜನ ಬರುತ್ತಿಲ್ಲ ಅಂತ ಸಂತೋಷಪಡಿ.

ಮಾಲೂರು ಹುಡುಗ

ನಮ್ಮ ಕಡೆ ಕೆರೆಗೆ ಈಗ ನೀರೇನೋ ಇದೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಕೊಳಚೆ ನೀರು ಸಂಸ್ಕರಿಸಿ ಕಳಿಸೋದು) ಲಕ್ಷ್ಮೀಸಾಗರ ಕೆರೆಗೆ ಬಂದ ಮೇಲೆ ಬೋರ್‌ವೆಲ್ ಎದ್ದಿವೆ. ಬೆಂಗಳೂರಿನ ಬಚ್ಚಲ ನೀರು ಅಂತ ಬೈಯೋರೂ ಇದ್ದಾರೆ, ನೀರೇ ಇಲ್ಲದಾಗ ಏನು ಮಾಡ್ತಿದ್ರು?

ಆವಣಿ ಮೇಷ್ಟ್ರು

ಆ ಚರ್ಚೆ ಶುರುವಾದರೆ ರಾತ್ರಿ ಬೆಳಗಾಗುತ್ತೆ, ಅದಕ್ಕೆ ಬೇರೆ ಎಳೆ ತೆಗೆಯಿರಿ. ಎರಡು ಸಲ ಸಂಸ್ಕರಿಸಿ ಬಿಡುವುದು ಸಾಕಾ, ಮೂರನೇ ಸಲವೂ ಮಾಡಬೇಕಾ ಅನ್ನುವುದು ಅಲ್ಲಿನ ಜಗಳ. ಇಲ್ಲಿ ಬೇಡ.

ನಾನು ಹೇಳಬೇಕಾದ್ದು ಬೇರೆ. ತೂಬುಕಲ್ಲು ಅವರೇ, ನಿಮ್ಮ ಸೈಟಿನಲ್ಲಿ ನಮ್ಮ ಪಕ್ಕದೂರಿನ ನೀರುಗಂಟಿಯೊಬ್ಬರ (ಕೆರೆ ನೀರನ್ನು ಗದ್ದೆಗಳಿಗೆ ಹಂಚುತ್ತಿದ್ದವರು) ಮಾತು ಇದೆ. ಆರು ನಿಮಿಷದ ಧ್ವನಿ. ಯಾವ ಮಳೆಗೆ ತೂಬು ಎಷ್ಟು ಎತ್ತುತ್ತಿದ್ದರು, ಕೊನೆ ಗದ್ದೆಯವನಿಗೆ ನೀರು ಮುಟ್ಟದಿದ್ದರೆ ಹೇಗೆ ಸರದಿ ಕಟ್ಟುತ್ತಿದ್ದರು ಅಂತ ಹೇಳಿದ್ದಾರೆ. ಅವರು ತೀರಿಕೊಂಡು ನಾಲ್ಕು ವರ್ಷ ಆಯ್ತು. ಅವರಾದ ಮೇಲೆ ಆ ಊರಿನಲ್ಲಿ ನೀರುಗಂಟಿ ಇಲ್ಲ. ಮನೆಯಲ್ಲಿ ಎರಡು ಫೋಟೋ ಇವೆ, ದನಿ ಇರುವುದು ನಿಮ್ಮ ಹತ್ತಿರ ಮಾತ್ರ. ಆ ಪುಟಕ್ಕೆ ತಿಂಗಳಿಗೆ ನಾಲ್ಕು ಜನ ಬಂದರೆ ಅದರಲ್ಲಿ ಮೂವರು ಅವರ ಮನೆಯವರೇ ಇರಬಹುದು.

ಹೋದ ವರ್ಷ ನನ್ನ ಎಂಟನೇ ಕ್ಲಾಸಿನ ಮಕ್ಕಳು ನಿಮ್ಮ ಪುಟ ಹಿಡಿದುಕೊಂಡು ಹಳೇ ರಾಜಕಾಲುವೆ ಹುಡುಕಲು ಹೋದರು. ದಿಶಾಂಕ್ ಆಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತಲ್ಲ, ಅದನ್ನೂ ನಿಮ್ಮ ಬರಹವನ್ನೂ ಎದುರುಬದುರು ಇಟ್ಟುಕೊಂಡು ನಡೆದರು. ಮುಕ್ಕಾಲು ಕಿಲೋಮೀಟರ್ ಸಿಕ್ಕಿತು. ಆಮೇಲೆ ಒಂದು ಟೊಮೆಟೊ ತೋಟದೊಳಗೆ ಮಾಯ. ತೋಟದವರು ಬೈದು ಕಳಿಸಿದರು. ಮಕ್ಕಳಿಗೆ ಭಾರೀ ಖುಷಿ.

ಕೋಡಿ ಹರೀತು (ಚಿಂತಾಮಣಿ)

ಸಾರ್, ನೀವು ಕೆರೆ ಬಗ್ಗೆ ಇಷ್ಟು ಬಲ್ಲವರು. ನಿಮ್ಮ ಸೈಟನ್ನೇ ಒಂದು ಕೆರೆ ಅಂದುಕೊಂಡು ನೋಡಿದ್ದೀರಾ?

ನಿಮಗೆ ನೀರು ಬರುತ್ತಿದ್ದದ್ದು ಒಂದೇ ಕಾಲುವೆಯಿಂದ. ಮೇಲಿನವರು ಅದನ್ನು ತಿರುಗಿಸಿಕೊಂಡರು, ಕೆರೆ ಒಣಗಿತು. ಸರಿ. ಆದರೆ ನಮ್ಮ ಕಡೆ ಕೆರೆಗಳು ಒಂಟಿಯಾಗಿ ಇರಲಿಲ್ಲ ಅಲ್ವಾ? ಒಂದರ ಕೋಡಿ ಹರಿದು ಕೆಳಗಿನದು ತುಂಬುತ್ತಿತ್ತು, ಅದರ ಕೋಡಿ ಇನ್ನೊಂದಕ್ಕೆ. ನೀವೇ ಹತ್ತು ಕಡೆ ಬರೆದಿದ್ದೀರಿ. ನಿಮ್ಮ ಸೈಟಿಗೆ ಕೋಡಿಯೇ ಇಲ್ಲ. 212 ಪುಟ ನೋಡಿದರೂ ಹೊರಗಿನ ಒಂದೇ ಒಂದು ಸೈಟಿಗೆ ಲಿಂಕ್ ಇಲ್ಲ. ಒಳಗೆ ಬಂದವನು ಅಲ್ಲೇ ನಿಲ್ಲಬೇಕು. ನೀವು ಯಾರಿಗೂ ಬಿಡುವುದಿಲ್ಲ, ನಿಮಗೂ ಯಾರೂ ಬಿಡುವುದಿಲ್ಲ.

ತಟ್ಟೆಇಡ್ಲಿ (ತುಮಕೂರು)

ಮಾತು ಚೆನ್ನಾಗಿದೆ ತಂಗಿ, ಆದರೆ ಲಿಂಕ್ ಕೊಡೋಕೆ ಕೆಳಗೆ ಕೆರೆ ಎಲ್ಲಿ ಉಳಿದಿವೆ? ನನ್ನ ಹಳೇ ಪಟ್ಟಿಯಲ್ಲಿ ಮೂವತ್ತು ಕನ್ನಡ ಸೈಟ್ ಇದ್ದವು. ಮೊನ್ನೆ ಒಂದೊಂದೇ ತೆರೆದೆ. ಏಳು ಬದುಕಿವೆ. ಅದರಲ್ಲೂ ಒಂದು ರಮ್ಮಿ.

ಕೋಡಿ ಹರೀತು (ಚಿಂತಾಮಣಿ)

ಆರು ಸಾಕಣ್ಣ, ಶುರು ಮಾಡೋಕೆ. ಕನ್ನಡ ವಿಕಿಪೀಡಿಯ 2003ರಿಂದ ಇದೆ, ಅಲ್ಲಿ ನಮ್ಮ ಕಡೆಯ ಎಷ್ಟೋ ಕೆರೆಗೆ ಎರಡು ಸಾಲು ಕೂಡ ಇಲ್ಲ. ಇನ್ನು ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ, 1905ರದ್ದು, ಪೂರ್ತಿ ಕೋಲಾರ ಜಿಲ್ಲೆಯ ಶಾಸನ. ಇಂಟರ್ನೆಟ್ ಆರ್ಕೈವ್‌ನಲ್ಲಿ ಬಿಟ್ಟಿ ಸಿಗುತ್ತೆ. ಕೆರೆ ಕಟ್ಟಿಸಿದ ಶಾಸನ ಇರುವ ಪುಟಕ್ಕೆಲ್ಲ ಅದರ ಲಿಂಕ್ ಕೊಡಿ. ಶಾಸನ ಹುಡುಕುವವರು ಆಮೇಲೆ ತಾವಾಗೇ ನಿಮ್ಮ ಕಡೆ ಬರ್ತಾರೆ.

ಆವಣಿ ಮೇಷ್ಟ್ರು

ಶಾಸನ ಅಂದ ಮೇಲೆ ನೆನಪಾಯ್ತು. ಬಿತ್ತುವಟ್ಟ ಅಂತ ಬರುತ್ತಲ್ಲ? ಕೆರೆ ಕಟ್ಟಿದವರಿಗೆ, ನೋಡಿಕೊಳ್ಳುವವರಿಗೆ ಅಂತ ಅದೇ ಕೆರೆಯ ಕೆಳಗೆ ಬಿಟ್ಟ ಭೂಮಿ. ಸೈಟಿಗೂ ಒಂದು ಬಿತ್ತುವಟ್ಟ ಇಡಿ. ಯುಪಿಐ ಕೋಡ್ ಹಾಕಿ, ಕೊಡುವವರು ಕೊಡಲಿ.

ತೂಬುಕಲ್ಲು (ಕೋಲಾರ)

ದುಡ್ಡು ಬೇಡ ಮೇಷ್ಟ್ರೇ. ಹತ್ತು ರೂಪಾಯಿ ಕೊಟ್ಟವರು ನಾಳೆ "ನಮ್ಮೂರ ಕೆರೆ ಯಾಕೆ ಹಾಕಲಿಲ್ಲ" ಅಂತ ಕೇಳುತ್ತಾರೆ.

ಪಾವಗಡ ಬಿಸಿಲು

ಕೇಳಲಿ ಬಿಡಿ. ಕೇಳೋರು ಇಲ್ಲ ಅಂತಾನೇ ಅಲ್ವಾ ಅಳ್ತಿದ್ದದ್ದು?

ಬೂದಿಕೋಟೆ ಬಸ್ಸು

ಖರ್ಚಿನ ಮಾತು. 6,200ರಲ್ಲಿ ಡೊಮೇನ್ ಸಾವಿರ ಇರಬಹುದು, ಉಳಿದದ್ದೆಲ್ಲ ಹೋಸ್ಟಿಂಗ್. ನಿಮ್ಮದು ಬರೀ ಓದೋ ಪುಟ. ಲಾಗಿನ್ ಇಲ್ಲ, ಅಂಗಡಿ ಇಲ್ಲ. ಸ್ಟ್ಯಾಟಿಕ್ ಸೈಟ್ ಮಾಡಿ ಗಿಟ್‌ಹಬ್ ಪೇಜಸ್ ತರದ ಕಡೆ ಇಟ್ಟರೆ ಹೋಸ್ಟಿಂಗ್ ಸೊನ್ನೆ. ಎಚ್‌ಟಿಟಿಪಿಎಸ್ ಬೀಗಕ್ಕೂ ದುಡ್ಡು ಬೇಡ, ಲೆಟ್ಸ್ ಎನ್‌ಕ್ರಿಪ್ಟ್ ಬಿಟ್ಟಿ ಕೊಡುತ್ತೆ. ಆದರೆ ಮೊದಲು ಫೋಟೋ ಇಳಿಸಿ! ಒಂದೊಂದು 8 ಎಂಬಿ ಇದೆ. ಊರಲ್ಲಿ ಎರಡು ಕಡ್ಡಿ ಸಿಗ್ನಲ್ ಇರೋನು ಪುಟ ತೆರೆಯೋ ಹೊತ್ತಿಗೆ ಕೆರೆನೇ ಬತ್ತಿರುತ್ತೆ. 200 ಕೆಬಿ ಸಾಕು. ದೊಡ್ಡದನ್ನು ಬೇರೆ ಕಡೆ ಇಟ್ಟುಕೊಳ್ಳಿ.

ವಾರ ಪೂರ್ತಿ ರಾತ್ರಿ ಬಿಡುವಿದೆ ನನಗೆ. ಫೈಲ್ ಕಳಿಸಿದರೆ ನಾನೇ ಮಾಡಿಕೊಡ್ತೀನಿ.

ಸಂತೆಬೀದಿ

ಪ್ರತಿ ಕೆರೆ ಹತ್ರ ಕ್ಯೂಆರ್ ಬೋರ್ಡ್ ಹಾಕಿ

ರೇಷ್ಮೆಗೂಡು (ಶಿಡ್ಲಘಟ್ಟ)

ಪಂಚಾಯ್ತಿ ಒಪ್ಪಬೇಕು, ಆಮೇಲೆ ಮಳೆ, ಬಿಸಿಲು, ದನ ಕೆರೆದುಕೊಳ್ಳೋದು. ಹಾಕೋದಿದ್ದರೆ ಏರಿ ಹತ್ತಿರದ ಟೀ ಅಂಗಡಿ ಗೋಡೆಗೆ ಅಂಟಿಸಿ. ದಯವಿಟ್ಟು ತೂಬಿನ ಕಲ್ಲಿಗೆ ಮಾತ್ರ ಬಳಿಯಬೇಡಿ.

ಕೆಜಿಎಫ್ ಶಿಫ್ಟು

ವಾಟ್ಸಾಪ್‌ನಲ್ಲಿ ಬ್ರಾಡ್‌ಕಾಸ್ಟ್ ಮಾಡಿದರೆ?

ಕೋಡಿ ಹರೀತು (ಚಿಂತಾಮಣಿ)

ಬ್ರಾಡ್‌ಕಾಸ್ಟ್ ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತೆ. 2023ರಿಂದ ಚಾನೆಲ್ ಇದೆ, ಅದು ವಾಸಿ. ಆದರೆ ಅದೂ ಬಾಡಿಗೆ ಮನೆಯೇ. ಜೊತೆಗೆ ಇಮೇಲ್ ಪಟ್ಟಿ ಒಂದು ಇರಲಿ. ಐವತ್ತೇ ಜನ ಇದ್ದರೂ ಆ ಪಟ್ಟಿ ನಿಮ್ಮ ಕೈಯಲ್ಲಿರುತ್ತೆ. ಆರೆಸ್ಸೆಸ್ ಫೀಡ್ (ಹೊಸ ಪುಟ ಬಂದರೆ ಓದುಗರ ಆಪ್‌ಗೆ ತಾನಾಗೇ ತಿಳಿಸೋದು) ಕೂಡ ಬಿಡಬೇಡಿ, ಅದನ್ನು ಬಳಸೋ ಹಠಮಾರಿಗಳು ಇನ್ನೂ ಇದ್ದೇವೆ.

ಕಡಲೆಪುರಿ

ಕೋಲಾರದಲ್ಲಿ ಇಮೇಲ್ ನೋಡೋರು ಯಾರು? ಬ್ಯಾಂಕಿನೋರು ಕಳಿಸಿದ್ದನ್ನೇ ನಾವು ನೋಡಲ್ಲ.

ತೂಬುಕಲ್ಲು (ಕೋಲಾರ)

ಮೂರು ದಿನ ಆಯ್ತು, ಹೇಳಿಬಿಡುತ್ತೇನೆ. ಡೊಮೇನ್ ಮೂರು ವರ್ಷಕ್ಕೆ ಕಟ್ಟಿದೆ. ಹೋಸ್ಟಿಂಗ್ ಕಟ್ಟಲಿಲ್ಲ, ಬೂದಿಕೋಟೆಯವರಿಗೆ ಫೈಲ್ ಕಳಿಸಿದ್ದೇನೆ. ಆ ಮನುಷ್ಯ ರಾತ್ರಿ ಎರಡಕ್ಕೆ ಮೆಸೇಜ್ ಹಾಕುತ್ತಾರೆ, ನಿದ್ದೆ ಮಾಡಿ ಸ್ವಾಮಿ. ಪೇಜಿಗೆ ಇನ್ನು ತಿಂಗಳಿಗೊಂದೇ ಫೋಟೋ, ಅಷ್ಟೇ. ನುಡಿ ಪುಟಗಳಲ್ಲಿ ಒಂಬತ್ತು ಯೂನಿಕೋಡ್ ಆದವು. ಕನ್ವರ್ಟರ್ ಒತ್ತಕ್ಷರ ಅಲ್ಲಲ್ಲಿ ಕೆಡಿಸುತ್ತೆ, ಕೂತು ತಿದ್ದಬೇಕು. ಕೋಡಿಯನ್ನೂ ಶುರು ಮಾಡಿದೆ, ಮೊದಲ ಲಿಂಕ್ ತಟ್ಟೆಇಡ್ಲಿಯವರ ಹೊಸ ಸೈಟಿಗೆ. ಹೊಸ ಸೈಟ್ ಮಾಡಿದ್ದೀರಿ ತಾನೇ?

ನಿನ್ನೆ ಸೈಟಿಗೆ ಯಾರು ಯಾವಾಗ ಬಂದರು ಅನ್ನೋ ಲಾಗ್ ತೆಗೆದು ನೋಡಿದೆ. 2021ರ ನವೆಂಬರ್ ಮಳೆಗೆ ಕೆರೆಗಳೆಲ್ಲ ಕೋಡಿ ಹರಿದ ವಾರ ಒಂದೇ ಸಲ ಜನ ಏರಿದ್ದಾರೆ. ನಾನು ಆಗ ಏನೂ ಬರೆದಿರಲಿಲ್ಲ, ಯಾವ ಪೇಜಿಗೂ ಲಿಂಕ್ ಹಾಕಿರಲಿಲ್ಲ. ತಮ್ಮೂರ ಕೆರೆ ಹೆಸರು ಹುಡುಕಿಕೊಂಡು ತಾವೇ ಬಂದವರು. ಅದು ನನಗೆ ಗೊತ್ತೇ ಇರಲಿಲ್ಲ.

ಇನ್ನೊಂದು ವಿಚಿತ್ರ. ಹೋದ ತಿಂಗಳು ಯಾರೋ ಒಬ್ಬರು ಒಂದೇ ಮಧ್ಯಾಹ್ನ ಆ ನೀರುಗಂಟಿ ಪುಟವನ್ನು 11 ಸಲ ತೆರೆದಿದ್ದಾರೆ.

ತಟ್ಟೆಇಡ್ಲಿ (ತುಮಕೂರು)

ಮಾಡ್ತಾ ಇದ್ದೀನಿ, ಮಾಡ್ತಾ ಇದ್ದೀನಿ. ಹೆಸರು ಹುಡುಕ್ತಾ ಇದ್ದೀನಿ. ಈ ಸಲ ವಿಸಿಟಿಂಗ್ ಕಾರ್ಡ್ ಹೊಡೆಸಲ್ಲ.

ಆವಣಿ ಮೇಷ್ಟ್ರು

11 ಸಲ ತೆರೆದದ್ದು ನಾನು. ಮಕ್ಕಳಿಗೆ ಪ್ರಿಂಟ್ ತೆಗೆಯಬೇಕಿತ್ತು. ಪ್ರತಿ ಸಲವೂ ಬಲಗಡೆ ಎರಡು ಅಕ್ಷರ ಕತ್ತರಿಸಿ ಬರುತ್ತಿತ್ತು.

ಕಡಲೆಪುರಿ

😂 ನಿಮ್ಮ ಅರ್ಧ ಟ್ರಾಫಿಕ್ ಮೇಷ್ಟ್ರ ಪ್ರಿಂಟರ್ ಸಾರ್

ತೂಬುಕಲ್ಲು (ಕೋಲಾರ)

ಬೂದಿಕೋಟೆಯವರು ಸರಿ ಮಾಡಿದ್ದಾರಂತೆ. ಈಗ ಒಮ್ಮೆ ತೆಗೆದು ನೋಡಿ ಮೇಷ್ಟ್ರೇ.

ಆವಣಿ ಮೇಷ್ಟ್ರು

ಅಕ್ಷರ ಪೂರ್ತಿ ಬಂತು. ಫೋಟೋ ಮಾತ್ರ ಕಪ್ಪಗೆ ಬರುತ್ತೆ, ಯಾವುದು ಏರಿ ಯಾವುದು ನೀರು ಗೊತ್ತಾಗುತ್ತಿಲ್ಲ.